ಕೊಡಗಿನ ಮೂರನೇ ಸೀಟು ಎಲ್ಲಿಗೆ ಹೋಯ್ತು? ಗೆರೆ ಬದಲಾದ ಮೇಲಿನ 2008ರ ಚುನಾವಣೆ

ಪ್ರಶ್ನೆ: ನಮ್ಮದು ಸೋಮವಾರಪೇಟೆ. ಮೊದಲು ಕೊಡಗಿಗೆ ಮೂವರು ಶಾಸಕರಿದ್ದರು, ಅದರಲ್ಲಿ ಸೋಮವಾರಪೇಟೆಗೇ ಒಬ್ಬರು. 2008ರ ಚುನಾವಣೆಯಿಂದ ಜಿಲ್ಲೆಗೆಲ್ಲ ಇಬ್ಬರೇ. ಆ ವರ್ಷ ಕ್ಷೇತ್ರಗಳ ಗೆರೆ ಬದಲಿಸಿದ್ದರಿಂದಲೇ ಬಿಜೆಪಿ ಅಧಿಕಾರಕ್ಕೆ ಬಂತು, ಅದಕ್ಕೇ ನಮ್ಮ ಕ್ಷೇತ್ರ ತೆಗೆದರು ಅಂತ ಇಲ್ಲಿ ಹಲವರು ಹೇಳುತ್ತಾರೆ. ಇದು ನಿಜವೇ? ಮುಂದಿನ ಮರುವಿಂಗಡಣೆಯಲ್ಲಿ ನಮ್ಮ ಸೀಟು ವಾಪಸ್ ಬರಬಹುದಾ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ನಿಮ್ಮ ಕ್ಷೇತ್ರ ಹೋಗಿದ್ದು ಜನಸಂಖ್ಯೆಯ ಲೆಕ್ಕದಿಂದ. ಬಿಜೆಪಿಗೆ ಹೊಸ ನಕ್ಷೆಯಿಂದ ಸ್ವಲ್ಪ ಅನುಕೂಲ ಆಯಿತು, ಆದರೆ ಗೆಲುವಿನ ಮುಖ್ಯ ಕಾರಣ ಅದಾಗಿರಲಿಲ್ಲ. ಮೂರನೇ ಸೀಟು ವಾಪಸ್ ಬರುವುದು, ವಿಧಾನಸಭೆಯ ಈಗಿನ 224 ಸೀಟುಗಳ ಮಿತಿಯೊಳಗಂತೂ, ತೀರಾ ಕಷ್ಟ. ಹೀಗೆ ಹೇಳಿ ಮುಗಿಸಿದರೆ ನಿಮ್ಮ ಪ್ರಶ್ನೆಗೆ ನ್ಯಾಯ ಸಿಗುವುದಿಲ್ಲ. ಆ ಚುನಾವಣೆಯಲ್ಲಿ ಕೊಡಗು ಕಳೆದುಕೊಂಡದ್ದು ಒಂದು ಸೀಟಿಗಿಂತ ಜಾಸ್ತಿ.

ಲೆಕ್ಕದಿಂದ ಶುರು ಮಾಡೋಣ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಇದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ ಬರುತ್ತಾರೆ. ಕೊಡಗಿನ ಜನಸಂಖ್ಯೆ ಆಗ 5,48,561. ಅಂದರೆ 2.3 ಕ್ಷೇತ್ರ. ಕ್ಷೇತ್ರಗಳು ಜಿಲ್ಲೆಯ ಗಡಿ ದಾಟಬಾರದು ಅನ್ನುವುದು ಗೆರೆ ಎಳೆದ ಮರುವಿಂಗಡಣೆ ಆಯೋಗ ಪಾಲಿಸಿದ ಕ್ರಮ. ಹಾಗಾಗಿ 2.3 ಇದ್ದದ್ದು 2 ಆಯಿತು. ಅದೇ ಬೆಂಗಳೂರು ನಗರ ಜಿಲ್ಲೆಯನ್ನು ನೋಡಿ. 65,37,124 ಜನ. ಭಾಗಿಸಿದರೆ 27.7. ಅದು 28 ಆಯಿತು. ಹಳೆಯ ನಕ್ಷೆಯಲ್ಲಿ ಅಲ್ಲಿ ಇದ್ದದ್ದು 16 ಮಾತ್ರ. ಬೆಂಗಳೂರಿಗೆ ಒಂದೇ ಸಲಕ್ಕೆ 12 ಸೀಟು ಜಾಸ್ತಿಯಾಯಿತು, ಒಟ್ಟು ಸಂಖ್ಯೆ ಮಾತ್ರ 224ರಲ್ಲೇ ನಿಂತಿತು. ಅಷ್ಟೂ ಸೀಟು ಉಳಿದ ಜಿಲ್ಲೆಗಳಿಂದಲೇ ಬರಬೇಕಲ್ವಾ? ನಿಮ್ಮ ಮೂರನೇ ಸೀಟು ಹೋದದ್ದು ಅಲ್ಲಿಗೆ.

ಒಂದೇ ಸಲಕ್ಕೆ ಇಷ್ಟು ದೊಡ್ಡ ಏಟು ಬಿದ್ದದ್ದು ಯಾಕೆ ಅಂದರೆ, ಅದಕ್ಕೂ ಹಿಂದಿನ ನಕ್ಷೆ 1971ರ ಜನಗಣತಿಯದು. ಆ ನಕ್ಷೆಯ ಮೇಲೆ ಮೊದಲ ಚುನಾವಣೆ ನಡೆದದ್ದು 1978ರಲ್ಲಿ. ಆಗಲೇ ನಮ್ಮ ವಿಧಾನಸಭೆ 216ರಿಂದ 224ಕ್ಕೆ ಏರಿದ್ದು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಸೀಟುಗಳ ಸಂಖ್ಯೆಯನ್ನು 2001ರ ಜನಗಣತಿವರೆಗೆ ಕಟ್ಟಿಹಾಕಿತು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಮುಂದೆ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿತು. ರಾಜ್ಯದ ಒಳಗಿನ ಗೆರೆಗಳನ್ನು ಬದಲಿಸಲು ಮಾತ್ರ ಅವಕಾಶ ಉಳಿಯಿತು, 2003ರ 87ನೇ ತಿದ್ದುಪಡಿ ಅದಕ್ಕೆ 2001ರ ಜನಗಣತಿಯನ್ನು ಆಧಾರ ಮಾಡಿತು. ಅಂದರೆ 1978ರಿಂದ 2004ರವರೆಗಿನ ಎಲ್ಲ ವಿಧಾನಸಭಾ ಚುನಾವಣೆಗಳೂ 1971ರ ಜನಸಂಖ್ಯೆಯ ಮೇಲೇ ನಡೆದವು. ಅಷ್ಟರಲ್ಲಿ ಬೆಂಗಳೂರು ಎಷ್ಟು ಬೆಳೆದಿತ್ತು ಅನ್ನುವುದು ನಿಮಗೆ ಗೊತ್ತೇ ಇದೆ. ಉತ್ತರಹಳ್ಳಿ ಅನ್ನುವ ಒಂದೇ ಕ್ಷೇತ್ರದಲ್ಲಿ ಊರಿಗೆ ಊರೇ ಹುಟ್ಟಿಕೊಂಡಿತ್ತು. ಅಲ್ಲಿನ ಮತದಾರನ ಒಂದು ಮತಕ್ಕೂ ಸೋಮವಾರಪೇಟೆಯ ಮತದಾರನ ಒಂದು ಮತಕ್ಕೂ ತೂಕ ಒಂದೇ ಆಗಿರಲಿಲ್ಲ. ನಿಮಗೆ ಇದು ಕಹಿ ಅನ್ನಿಸಬಹುದು. ಆದರೂ ಹೇಳಬೇಕು: ಹಳೆಯ ನಕ್ಷೆಯೇ ಹೆಚ್ಚು ಅನ್ಯಾಯದ ನಕ್ಷೆ.

ಕೊಡಗನ್ನೇ ಗುರಿ ಮಾಡಿದರು ಅನ್ನುವ ಮಾತಿಗೆ ಆಧಾರ ಸಿಗುವುದಿಲ್ಲ. ಮಂಡ್ಯ ಜಿಲ್ಲೆ 9ರಿಂದ 7ಕ್ಕೆ ಇಳಿಯಿತು, ಕೆರಗೋಡು ಮತ್ತು ಕಿರುಗಾವಲು ಹೋದವು. ತುಮಕೂರು 13ರಿಂದ 11 ಆಯಿತು. ಕಲ್ಲೂರು, ಬೆಳ್ಳಾವಿ, ಹುಲಿಯೂರುದುರ್ಗ ಅಳಿಸಿ ತುಮಕೂರು ಗ್ರಾಮಾಂತರ ಬಂತು. ಹಾಸನದಲ್ಲಿ ಗಂಡಸಿ, ಚಿಕ್ಕಮಗಳೂರಿನಲ್ಲಿ ಬೀರೂರು, ಉಡುಪಿಯಲ್ಲಿ ಬ್ರಹ್ಮಾವರ ಹೋದವು. ದಕ್ಷಿಣ ಕನ್ನಡಕ್ಕೂ ಒಂದು ಸೀಟು ಕಮ್ಮಿಯಾಯಿತು. ಇವುಗಳಲ್ಲಿ ಜೆಡಿಎಸ್ ಗಟ್ಟಿಯಾಗಿದ್ದ ಹಳೆ ಮೈಸೂರಿನ ಜಿಲ್ಲೆಗಳಿವೆ, ಬಿಜೆಪಿ ಗಟ್ಟಿಯಾಗಿದ್ದ ಕರಾವಳಿಯೂ ಇದೆ. ಒಂದು ಪಕ್ಷಕ್ಕೆ ಅನುಕೂಲ ಮಾಡಲು ಕೂತವರು ತಮ್ಮದೇ ಕೋಟೆಯ ಸೀಟುಗಳನ್ನು ತೆಗೆಯುವುದಿಲ್ಲ. ಈ ಜಿಲ್ಲೆಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಲೆಕ್ಕ ತಾಳೆಯಾಗುತ್ತದೆ. 2001ರ ಜನಸಂಖ್ಯೆಯನ್ನು 2.36 ಲಕ್ಷದಿಂದ ಭಾಗಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತನ್ನಿ, ಈಗಿನ ಸೀಟು ಸಿಗುತ್ತದೆ. ನೀವೇ ಮಾಡಿ ನೋಡಬಹುದು.

ಗೆರೆ ಎಳೆದವರು ಯಾರು? 2002ರ ಕ್ಷೇತ್ರ ಮರುವಿಂಗಡಣೆ ಕಾಯ್ದೆಯ ಪ್ರಕಾರ ರಚನೆಯಾದ ಆಯೋಗ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಚುನಾವಣಾ ಆಯೋಗದ ಪ್ರತಿನಿಧಿ ಮತ್ತು ಆಯಾ ರಾಜ್ಯದ ಚುನಾವಣಾ ಆಯುಕ್ತರು ಸದಸ್ಯರು. ಜತೆಗೆ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿ ಆಮೇಲೆ ಅಂತಿಮ ಆದೇಶ. ಅದನ್ನು ವಿಧಾನಸಭೆಯಲ್ಲಿ ಮಂಡಿಸುತ್ತಾರೆ, ಆದರೆ ಸಭೆ ಅದರಲ್ಲಿ ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಈ ವ್ಯವಸ್ಥೆಯಲ್ಲಿ ಪಕ್ಷಗಳ ಪ್ರಭಾವ ಸೊನ್ನೆ ಅನ್ನಲಾರೆ. ಒಂದು ಹೋಬಳಿ ಈ ಕಡೆ ಹೋಗಬೇಕೋ ಆ ಕಡೆಯೋ ಅನ್ನುವ ಮಟ್ಟದಲ್ಲಿ ಶಾಸಕರ ಮಾತು ಕೇಳಿಸುತ್ತದೆ. ಜಿಲ್ಲೆಗೆ ಎಷ್ಟು ಸೀಟು ಅನ್ನುವುದು ಅವರ ಕೈಯಲ್ಲಿ ಇರಲಿಲ್ಲ.

ಈಗ ಕೊಡಗು ಕಳೆದುಕೊಂಡ ಇನ್ನೊಂದರ ಬಗ್ಗೆ ಹೇಳುತ್ತೇನೆ. ಇದರ ಬಗ್ಗೆ ನಿಮ್ಮ ಜಿಲ್ಲೆಯಲ್ಲೇ ಮಾತು ಕಮ್ಮಿ. 2004ರವರೆಗೆ ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಇಡೀ ರಾಜ್ಯದಲ್ಲಿ ಅಂಥ ಸೀಟು ಇದ್ದದ್ದೇ ಎರಡು, ಅದರಲ್ಲಿ ಒಂದು ನಿಮ್ಮದು. 2008ರಲ್ಲಿ ಪರಿಶಿಷ್ಟ ಪಂಗಡದ ಸೀಟುಗಳು ಎರಡರಿಂದ 15ಕ್ಕೆ ಏರಿದವು. ಅದೇ ಹೊತ್ತಿಗೆ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ರಾಜ್ಯದಲ್ಲಿ ಏಳೂವರೆ ಪಟ್ಟು ಏರಿದ ಮೀಸಲು, ಯರವರು ಮತ್ತು ಜೇನುಕುರುಬರು ಇರುವ ಕೊಡಗಿನಿಂದ ಎದ್ದು ಹೋಯಿತು.

ಇದಕ್ಕೂ ಕಾರಣವಿದೆ. 1971ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದ ಜನ ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಎರಡು ಸೀಟು. 1976ರ ಕಾನೂನು, ಒಂದು ಪಂಗಡವನ್ನು ಕೆಲವು ಪ್ರದೇಶದಲ್ಲಿ ಮಾತ್ರ ಪರಿಶಿಷ್ಟ ಅಂತ ಗುರುತಿಸುವ ಮಿತಿಯನ್ನು ತೆಗೆಯಿತು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಅನ್ನುವ ಹೆಸರುಗಳು ಪಟ್ಟಿಗೆ ಸೇರಿದವು. 2001ರ ಹೊತ್ತಿಗೆ ಪಾಲು ಶೇ. 6.5ರ ಆಸುಪಾಸು ಬಂತು. 224ರಲ್ಲಿ ಶೇ. 6.5 ಅಂದರೆ 15 ಸೀಟು. ಈ ಸೀಟುಗಳನ್ನು ಎಲ್ಲಿ ಇಡಬೇಕು ಅನ್ನುವುದಕ್ಕೂ ಕಾಯ್ದೆಯಲ್ಲಿ ನಿಯಮವಿದೆ. ಪರಿಶಿಷ್ಟ ಜಾತಿಯ ಸೀಟುಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಬೇಕು. ಪರಿಶಿಷ್ಟ ಪಂಗಡದ ಸೀಟಿಗೆ ಆ ಹಂಚಿಕೆಯಿಲ್ಲ, ಎಲ್ಲಿ ಅವರ ಪಾಲು ಅತಿ ಜಾಸ್ತಿಯೋ ಅಲ್ಲೇ ಇಡಬೇಕು. ಹಾಗಾಗಿ ಬಹುಪಾಲು ಸೀಟುಗಳು ನಾಯಕ ಸಮುದಾಯ ದಟ್ಟವಾಗಿರುವ ಕಡೆ ಹೋದವು. ಬಳ್ಳಾರಿ ಜಿಲ್ಲೆಯೊಂದಕ್ಕೇ ಐದು: ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ. ರಾಯಚೂರಿಗೆ ನಾಲ್ಕು: ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ, ಮಸ್ಕಿ. ಪಕ್ಕದಲ್ಲೇ ಸುರಪುರ. ಚಿತ್ರದುರ್ಗದಲ್ಲಿ ಮೊಳಕಾಲ್ಮೂರು, ಚಳ್ಳಕೆರೆ, ಅದಕ್ಕಂಟಿಕೊಂಡು ಜಗಳೂರು. ಬೆಳಗಾವಿಯ ಯಮಕನಮರಡಿ. ದಕ್ಷಿಣಕ್ಕೆ ಉಳಿದದ್ದು ಹೆಗ್ಗಡದೇವನಕೋಟೆ ಒಂದೇ.

ನಾಯಕ ಸಮುದಾಯಕ್ಕೆ ಸಿಕ್ಕಿದ್ದು ನ್ಯಾಯವಾದ ಪಾಲು. ಸುರಪುರದಿಂದ ಮೊಳಕಾಲ್ಮೂರಿನವರೆಗೆ ಅಷ್ಟು ದೊಡ್ಡ ಸಮುದಾಯ ಎರಡೇ ಸೀಟಿನ ಲೆಕ್ಕದಲ್ಲಿ ಅಷ್ಟು ವರ್ಷ ಇದ್ದದ್ದೇ ತಪ್ಪು. ಆದರೆ ಕಾಡಿನಂಚಿನ ಸಣ್ಣ ಪಂಗಡಗಳಿಗೆ ಇದ್ದ ಒಂದು ಬಾಗಿಲು ಮುಚ್ಚಿತು, ಅದಕ್ಕೆ ಬದಲಿ ಏನನ್ನೂ ಯಾರೂ ಯೋಚಿಸಲಿಲ್ಲ. ಕೊಡಗಿನ ಮೂರನೇ ಸೀಟಿಗಿಂತ ನನಗೆ ಈ ನಷ್ಟ ದೊಡ್ಡದು ಅನ್ನಿಸುತ್ತದೆ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಬದುಕುವ ಯರವರ ಹುಡುಗಿಯೊಬ್ಬಳು ಇವತ್ತು ವಿರಾಜಪೇಟೆಯಿಂದ ಶಾಸಕಿಯಾಗಬೇಕಾದರೆ ಸಾಮಾನ್ಯ ಸೀಟಿನಲ್ಲಿ ದೊಡ್ಡ ಪಕ್ಷದ ಟಿಕೆಟ್ ಸಿಗಬೇಕು. ಆ ದಾರಿ ಎಷ್ಟು ಕಷ್ಟದ್ದು ಅಂತ ವಿವರಿಸಬೇಕಿಲ್ಲ.

ಮೀಸಲು ಬದಲಾದದ್ದು ದೊಡ್ಡ ನಾಯಕರನ್ನೂ ಅಲುಗಾಡಿಸಿತು. ಮಲ್ಲಿಕಾರ್ಜುನ ಖರ್ಗೆ 1972ರಿಂದ ಗುರುಮಿಠಕಲ್‌ನಲ್ಲೇ ಗೆಲ್ಲುತ್ತಾ ಬಂದಿದ್ದರು. 2008ರಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು, ಅವರು ಪರಿಶಿಷ್ಟ ಜಾತಿಗೆ ಹೊಸದಾಗಿ ಮೀಸಲಾದ ಚಿತ್ತಾಪುರಕ್ಕೆ ಹೋಗಿ ಗೆದ್ದರು. ಅದೇ ಮರುವಿಂಗಡಣೆಯಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರವೂ ಮೀಸಲಾಯಿತು. 2009ರಲ್ಲಿ ಅವರು ಅಲ್ಲಿಂದ ದೆಹಲಿಗೆ ಹೋದರು. ಗೆರೆ ಬದಲಾಗದಿದ್ದರೆ ಅವರ ರಾಜಕೀಯದ ಎರಡನೇ ಅರ್ಧ ಬೇರೆಯೇ ಇರುತ್ತಿತ್ತು ಅಂತ ನನ್ನ ಅಭಿಪ್ರಾಯ. ಜಿ. ಪರಮೇಶ್ವರ ಮಧುಗಿರಿಯಿಂದ ಕೊರಟಗೆರೆಗೆ ಬಂದದ್ದೂ ಇದೇ ಕಾರಣಕ್ಕೆ. ಡಿ.ಕೆ. ಶಿವಕುಮಾರ್ ಅವರ ಸಾತನೂರು ಕ್ಷೇತ್ರವೇ ಮಾಯವಾಯಿತು, ಅವರು ಕನಕಪುರಕ್ಕೆ ಬಂದರು. ಸಿದ್ದರಾಮಯ್ಯ 2006ರ ಉಪಚುನಾವಣೆಯಲ್ಲಿ ಚಾಮುಂಡೇಶ್ವರಿಯನ್ನು ಬರೀ 257 ಮತಗಳಿಂದ ಉಳಿಸಿಕೊಂಡಿದ್ದರು. 2008ರಲ್ಲಿ ಹೊಸದಾಗಿ ಹುಟ್ಟಿದ ವರುಣಕ್ಕೆ ಹೋದರು. ಬೆಂಗಳೂರಿನಲ್ಲಿ ಆರ್. ಅಶೋಕ ಉತ್ತರಹಳ್ಳಿಯಿಂದ ಪದ್ಮನಾಭನಗರಕ್ಕೆ, ರಾಮಲಿಂಗಾ ರೆಡ್ಡಿ ಜಯನಗರದಿಂದ ಬಿಟಿಎಂ ಲೇಔಟ್‌ಗೆ ಹೋದರು. ನಿಮ್ಮಲ್ಲೂ ಹೀಗೇ ಆಯಿತು. ಮಡಿಕೇರಿಯಿಂದ ಗೆದ್ದಿದ್ದ ಕೆ.ಜಿ. ಬೋಪಯ್ಯ, ಸಾಮಾನ್ಯವಾದ ವಿರಾಜಪೇಟೆಗೆ ಬಂದರು. ಹಿಂದೆ ಸೋಮವಾರಪೇಟೆಯ ಶಾಸಕರಾಗಿದ್ದ ಅಪ್ಪಚ್ಚು ರಂಜನ್ ಮಡಿಕೇರಿಗೆ ಬಂದರು.

ಈ ಓಡಾಟಕ್ಕೆಲ್ಲ ಸಿಕ್ಕ ಸಮಯ ತೀರಾ ಕಡಿಮೆ. 2007ರ ನವೆಂಬರಿನಲ್ಲಿ ಯಡಿಯೂರಪ್ಪ ಅವರ ಏಳು ದಿನದ ಸರ್ಕಾರ ಬಿದ್ದು, ವಿಧಾನಸಭೆ ವಿಸರ್ಜನೆಯಾಗಿ, ರಾಷ್ಟ್ರಪತಿ ಆಳ್ವಿಕೆ ನಡೆಯುತ್ತಿತ್ತು. ಹೊಸ ಕ್ಷೇತ್ರಗಳಿಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2008ರ ಫೆಬ್ರುವರಿ 19ರಂದು. ಮತದಾನ ಮೇ 10, 16 ಮತ್ತು 22ರಂದು. ಮೂರು ತಿಂಗಳೂ ಪೂರ್ತಿ ಸಿಗಲಿಲ್ಲ. ಹೊಸ ನಕ್ಷೆಯ ಮೇಲೆ ವಿಧಾನಸಭಾ ಚುನಾವಣೆ ನಡೆಸಿದ ಮೊದಲ ರಾಜ್ಯ ನಮ್ಮದೇ. ಮತದಾರರ ಪಟ್ಟಿಗಳನ್ನು ಹೊಸ ಕ್ಷೇತ್ರಗಳಿಗೆ ತಕ್ಕಂತೆ ಮತ್ತೆ ಜೋಡಿಸಬೇಕಿತ್ತು. ಎಷ್ಟೋ ಮತದಾರರಿಗೆ ತಮ್ಮ ಕ್ಷೇತ್ರದ ಹೆಸರೇ ಹೊಸದು.

ಮೇ 25ರ ಎಣಿಕೆಯಲ್ಲಿ ಬಿಜೆಪಿಗೆ 110, ಕಾಂಗ್ರೆಸ್‌ಗೆ 80, ಜೆಡಿಎಸ್‌ಗೆ 28, ಪಕ್ಷೇತರರಿಗೆ 6. ಮತದ ಪಾಲು ನೋಡಿದರೆ ಕಾಂಗ್ರೆಸ್ ಮುಂದೆ: ಶೇ. 34.76. ಬಿಜೆಪಿ ಶೇ. 33.86. ಮತ ಕಮ್ಮಿ, ಸೀಟು 30 ಜಾಸ್ತಿ. ನಿಮ್ಮ ಊರಿನ ಅನುಮಾನ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಅದಕ್ಕೂ ಹಿಂದಿನ 2004ರ ಫಲಿತಾಂಶ ನೋಡಿ. ಆಗ ಇದ್ದದ್ದು ಹಳೆಯ ನಕ್ಷೆ. ಕಾಂಗ್ರೆಸ್‌ಗೆ ಶೇ. 35.27 ಮತ, 65 ಸೀಟು. ಬಿಜೆಪಿಗೆ ಶೇ. 28.33 ಮತ, 79 ಸೀಟು. ಸುಮಾರು ಶೇ. 7ರಷ್ಟು ಮತ ಹಿಂದಿದ್ದೂ ಬಿಜೆಪಿ 14 ಸೀಟು ಮುಂದಿತ್ತು. ಅಂದರೆ ಮತ ಮತ್ತು ಸೀಟಿನ ನಡುವಿನ ಅಂತರ ಹಳೆಯ ನಕ್ಷೆಯಲ್ಲೇ ಇತ್ತು. ಕಾಂಗ್ರೆಸ್ ಮತ ರಾಜ್ಯದ ತುಂಬ ಹರಡಿಕೊಂಡಿದೆ. ಸೋತ ಕಡೆಯೂ ಅದಕ್ಕೆ ಒಳ್ಳೆಯ ಮತ ಬೀಳುತ್ತದೆ. ಬಿಜೆಪಿ ಮತ ಕೆಲವು ಭಾಗಗಳಲ್ಲಿ ಒತ್ತಾಗಿದೆ, ಹಳೆ ಮೈಸೂರಿನಂಥ ಕಡೆ ಆಗ ತೀರಾ ತೆಳು. ಮೂರು ಪಕ್ಷದ ಹೋರಾಟದಲ್ಲಿ ಒತ್ತಾಗಿ ಬಿದ್ದ ಮತಕ್ಕೆ ಸೀಟು ಜಾಸ್ತಿ ಸಿಗುತ್ತದೆ.

ಇನ್ನೂ ಗಟ್ಟಿಯಾದ ಪುರಾವೆ ಮುಂದಿನ ಚುನಾವಣೆಗಳಲ್ಲಿದೆ. 2013ರಲ್ಲೂ ಇದೇ ನಕ್ಷೆ. ಕಾಂಗ್ರೆಸ್ ಮತ ಶೇ. 36.6ಕ್ಕೆ ಏರಿತು, ಅಂದರೆ ಎರಡು ಅಂಶವೂ ಜಾಸ್ತಿಯಾಗಲಿಲ್ಲ. ಸೀಟು ಮಾತ್ರ 80ರಿಂದ 122ಕ್ಕೆ ಹಾರಿತು. ಯಡಿಯೂರಪ್ಪ ಅವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಬೇರೆಯಾಗಿ ಬಿಜೆಪಿ ಮತ ಚೂರಾಗಿದ್ದು ಅದಕ್ಕೆ ಕಾರಣ. ಬಿಜೆಪಿ 40ಕ್ಕೆ ಕುಸಿಯಿತು. 2018ರಲ್ಲಿ ಅದೇ ನಕ್ಷೆಯ ಮೇಲೆ ಬಿಜೆಪಿ 104, ಮತ್ತೆ ಕಾಂಗ್ರೆಸ್‌ಗಿಂತ ಕಡಿಮೆ ಮತ ಪಡೆದು. 2023ರಲ್ಲಿ ಅದೇ ನಕ್ಷೆಯ ಮೇಲೆ ಕಾಂಗ್ರೆಸ್ 135, ನಿಮ್ಮ ಮಡಿಕೇರಿ ಮತ್ತು ವಿರಾಜಪೇಟೆ ಎರಡೂ ಸೇರಿ. ಬಿಜೆಪಿಗಾಗಿ ಎಳೆದ ಗೆರೆ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಹಾಗಂತ ನಕ್ಷೆಯ ಪಾತ್ರ ಏನೂ ಇಲ್ಲ ಅಂದರೆ ಅದೂ ತಪ್ಪು. 2008ರಲ್ಲಿ ಬೆಂಗಳೂರಿನ 28ರಲ್ಲಿ ಬಿಜೆಪಿ 17 ಗೆದ್ದಿತು, ಜೆಡಿಎಸ್ ಒಂದು. ಜೆಡಿಎಸ್ ಗಟ್ಟಿಯಾಗಿದ್ದ ಮಂಡ್ಯ, ಹಾಸನ, ತುಮಕೂರಿನಲ್ಲಿ ಒಟ್ಟು ಐದು ಸೀಟು ಕಮ್ಮಿಯಾಗಿದ್ದವು. ಬಹುಮತಕ್ಕೆ 113 ಬೇಕು, ಬಿಜೆಪಿಗೆ ಬಂದದ್ದು 110. ಪಕ್ಷೇತರರನ್ನು ಸೇರಿಸಿಕೊಂಡು ಮೇ 30ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಇಷ್ಟು ಹತ್ತಿರದ ಲೆಕ್ಕದಲ್ಲಿ ನಾಲ್ಕೈದು ಸೀಟು ಆಚೀಚೆ ಆಗಿದ್ದರೂ ಕಥೆ ಬದಲಾಗುತ್ತಿತ್ತು. ಆ ನಾಲ್ಕೈದು ಸೀಟು ಹೊಸ ನಕ್ಷೆಯಿಂದ ಬಂದಿರಬಹುದು ಅಂತ ನಾನು ಒಪ್ಪುತ್ತೇನೆ. ಉಳಿದದ್ದು ಬೇರೆ ಕಾರಣಗಳಿಂದ ಬಂತು. ಮೈತ್ರಿಯಲ್ಲಿ ಬಿಜೆಪಿಯ ಸರದಿ ಬಂದಾಗ ಜೆಡಿಎಸ್ ಅಧಿಕಾರ ಬಿಟ್ಟುಕೊಡಲಿಲ್ಲ, ಕೊಟ್ಟ ಮಾತು ಮುರಿಯಿತು ಅನ್ನುವ ಸಿಟ್ಟು ಉತ್ತರ ಕರ್ನಾಟಕದಲ್ಲಿ ಜೋರಾಗಿತ್ತು. ಬಿಜೆಪಿಯ ಮತವೇ ಶೇ. 5.5ರಷ್ಟು ಏರಿತು. ಬಳ್ಳಾರಿ ಜಿಲ್ಲೆಯ ಒಂಬತ್ತರಲ್ಲಿ ಎಂಟು ಸೀಟು ಆ ಪಕ್ಷಕ್ಕೆ ಹೋದದ್ದಕ್ಕೆ ಗಣಿ ಹಣದ ಬಲ ಮತ್ತು ಶ್ರೀರಾಮುಲು ಅವರ ಪ್ರಭಾವ ಎರಡನ್ನೂ ಲೆಕ್ಕ ಹಾಕಬೇಕು.

ಸೋಮವಾರಪೇಟೆಯ ಜನರಿಗೆ ಆದ ನಷ್ಟವನ್ನು ನಾನು ಕಡೆಗಣಿಸುವುದಿಲ್ಲ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ವಿಧಾನಸಭೆಯಲ್ಲಿ 24 ಸೀಟು ಇದ್ದವು. ಇವತ್ತು ಎರಡು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಹೋದಾಗ, ಆನೆ ತೋಟಕ್ಕೆ ನುಗ್ಗಿದಾಗ, ಶಾಸಕರು ಹತ್ತಿರ ಇರಬೇಕು ಅಂತ ಜನರಿಗೆ ಅನ್ನಿಸುವುದು ಸಹಜ. ಬಯಲುಸೀಮೆಯ 2.36 ಲಕ್ಷ ಜನರೂ ಮಲೆನಾಡಿನ 2.36 ಲಕ್ಷ ಜನರೂ ಓಡಾಟದಲ್ಲಿ ಒಂದೇ ಅಲ್ಲ. ಕಾಯ್ದೆಯಲ್ಲಿ ಭೂಗೋಳ, ಸಂಪರ್ಕ, ಜನರ ಅನುಕೂಲ ನೋಡಬೇಕು ಅಂತ ಇದೆ. ಆದರೆ ಅದು ಜಿಲ್ಲೆಯ ಒಳಗೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಮಾತ್ರ ಉಪಯೋಗಕ್ಕೆ ಬಂತು. ಈ ದೂರವನ್ನು ತುಂಬಬೇಕಾದದ್ದು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರು. ಅವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಕ್ಷೇತ್ರ ಮರುವಿಂಗಡಣೆಯೂ ಒಂದು. ಶಾಸಕರ ಸೀಟು ಹೋದದ್ದಕ್ಕೆ ಸಿಟ್ಟಾಗುವ ನಾವು ಇದಕ್ಕೆ ಇನ್ನೂ ಜಾಸ್ತಿ ಸಿಟ್ಟಾಗಬೇಕಿತ್ತು.

ಮುಂದಿನ ಸಲದ ಮಾತು. ಹೊಸ ಜನಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನ ಅಂತ ಕೇಂದ್ರ ಘೋಷಿಸಿದೆ. ಆ ಅಂಕಿ ಬರುವವರೆಗೆ 2011ರದ್ದನ್ನೇ ಇಟ್ಟುಕೊಂಡು ನೋಡೋಣ. ರಾಜ್ಯದ ಜನಸಂಖ್ಯೆ 6,10,95,297, ಒಂದು ಕ್ಷೇತ್ರಕ್ಕೆ ಸುಮಾರು 2.73 ಲಕ್ಷ. ಕೊಡಗು ಹತ್ತು ವರ್ಷದಲ್ಲಿ ಬೆಳೆದದ್ದು ಆರು ಸಾವಿರದಷ್ಟು, 5,54,519. ಭಾಗಿಸಿದರೆ 2.03. ಬೆಂಗಳೂರು ನಗರ 96,21,551. ಭಾಗಿಸಿದರೆ 35. ಒಟ್ಟು 224ರಲ್ಲೇ ನಿಂತರೆ ಬೆಂಗಳೂರು ಇನ್ನೂ ಏಳು ಸೀಟು ಎಳೆದುಕೊಳ್ಳುತ್ತದೆ. ನೀವು ಎರಡರಲ್ಲೇ ಇರುತ್ತೀರಿ. ಸಂವಿಧಾನ ಒಂದು ವಿಧಾನಸಭೆಗೆ 500 ಸದಸ್ಯರವರೆಗೆ ಅವಕಾಶ ಕೊಡುತ್ತದೆ. ಒಟ್ಟು ಸಂಖ್ಯೆ ಏರಿಸಿದರೆ ಮಾತ್ರ ಮೂರನೆಯದಕ್ಕೆ ದಾರಿ. 2011ರ ಅಂಕಿಯಲ್ಲಿ ಕೊಡಗಿನ ಪಾಲು 2.5 ದಾಟಬೇಕಾದರೆ ಸುಮಾರು 276 ಸೀಟಿನ ಸಭೆ ಬೇಕು. ಈ ನಡುವೆ ಈಗಿನ ನಕ್ಷೆಯೂ ಹಳಸಿದೆ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಮತದಾರರಿದ್ದಾರೆ, ಶೃಂಗೇರಿಯಲ್ಲಿ ಎರಡು ಲಕ್ಷವೂ ಇಲ್ಲ. ಮುಂದಿನ ಬದಲಾವಣೆ ತಡವಾದಷ್ಟೂ ಏಟು ದೊಡ್ಡದಾಗುತ್ತದೆ.

ನೀವು ಮಾಡಬಹುದಾದದ್ದು ಒಂದಿದೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಿ. ಜಿಲ್ಲೆಗೆ ಇನ್ನೊಂದು ಸೀಟು ಕೊಡಿ ಅಂತ ಸುಮ್ನೆ ಬರೆದರೆ ಆಯೋಗ ಬದಿಗಿಡುತ್ತದೆ, ಅದು ಅವರ ಲೆಕ್ಕಕ್ಕೆ ಹೊರಗಿನದು. ಯಾವ ಹೋಬಳಿ ಯಾವ ಕ್ಷೇತ್ರಕ್ಕೆ ಸೇರಬೇಕು, ಯಾವ ರಸ್ತೆ ಮಳೆಗಾಲದಲ್ಲಿ ತೆರೆದಿರುತ್ತದೆ, ಕುಶಾಲನಗರ ಮತ್ತು ಶನಿವಾರಸಂತೆಯ ಕಡೆಯವರು ಯಾವ ಪೇಟೆಗೆ ಹೋಗಿಬರುತ್ತಾರೆ, ಕ್ಷೇತ್ರಕ್ಕೆ ಸೋಮವಾರಪೇಟೆಯ ಹೆಸರಿಡಬಹುದೇ ಅನ್ನುವಂಥ ವಿಷಯಗಳನ್ನು ಜನಸಂಖ್ಯೆಯ ಅಂಕಿ ಸಮೇತ ಬರೆಯಿರಿ. ಇವನ್ನು ಆಯೋಗ ಕೇಳಬೇಕು, ಬಹಿರಂಗ ಸಭೆ ಇರುವುದೇ ಅದಕ್ಕೆ. ವಿರಾಜಪೇಟೆಯ ಮೀಸಲಿನ ವಿಷಯವನ್ನೂ ಯರವರ, ಜೇನುಕುರುಬರ ಸಂಘಟನೆಗಳ ಜತೆ ಕೂತು ಈಗಲೇ ಎತ್ತಿ. ಆಯೋಗ ಪಾಲಿಸುವ ನಿಯಮ ಸಂಸತ್ತಿನ ಕಾಯ್ದೆಯಲ್ಲಿದೆ, ಹಾಗಾಗಿ ಆ ಮಾತು ನಿಮ್ಮ ಸಂಸದರ ಮುಂದೆ ಹೋಗಬೇಕು. ಅದೂ ಮುಂದಿನ ಕಾಯ್ದೆ ಬರುವ ಮೊದಲು.